ನರ ತೆಗೆದ ಹಲ್ಲು ಮತ್ತೆ ಯಾಕೆ ನೋಯುತ್ತದೆ?

ಬೆಳಗ್ಗೆ ಎಂಟೂವರೆ. ಕ್ಯಾಮೆರಾ ಸ್ಕೂಟರ್ ಮುಂದೆ ಕಟ್ಟಿದ್ದೇನೆ, ಅದಕ್ಕೇ ಇಷ್ಟು ಅಲುಗಾಟ. ಹೊರಟಿರುವುದು ಹಲ್ಲಿನ ಡಾಕ್ಟರ್ ಹತ್ತಿರ. ಎಡಗಡೆ ಮೇಲಿನ ದವಡೆ ಹಲ್ಲು. ನಾಲ್ಕು ವರ್ಷದ ಹಿಂದೆಯೇ ರೂಟ್ ಕೆನಾಲ್ ಆಗಿ, ಅಂದರೆ ಒಳಗಿನ ನರ ತೆಗೆದು ಬೇರಿನ ಕಾಲುವೆಗಳನ್ನು ತೊಳೆದು ತುಂಬಿಸಿ, ಕ್ಯಾಪ್ ಹಾಕಿಸಿಕೊಂಡ ಹಲ್ಲು ಇದು. ಮೂರು ವಾರದಿಂದ ಕಚ್ಚಿದರೆ ನೋವು. ಒಸಡಿನ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆ. ಅದು ಒಡೆದು ಕೀವು ಬಂದರೆ ನೋವು ಇಳಿಯುತ್ತದೆ. ಎರಡು ದಿನಕ್ಕೆ ಮತ್ತೆ ತುಂಬಿಕೊಳ್ಳುತ್ತದೆ.

ಅಮ್ಮ ಕೇಳಿದ್ದು ಒಂದೇ ಮಾತು. "ನರಾನೇ ತೆಗೆದುಬಿಟ್ಟಿದ್ದಾರಲ್ಲೇ, ಇನ್ನು ನೋವು ಎಲ್ಲಿಂದ ಬರುತ್ತೆ?" ನನಗೂ ಅದೇ ಅನುಮಾನ ಇತ್ತು. ನೋಯುತ್ತಿರುವುದು ಹಲ್ಲಿನ ಒಳಗಡೆ ಅಲ್ಲವಂತೆ. ಬೇರಿನ ತುದಿಯಾಚೆ ಮೂಳೆ ಇದೆ, ಹಲ್ಲನ್ನು ಮೂಳೆಗೆ ಹಿಡಿದಿಡುವ ನಾರು ಇದೆ. ಅಲ್ಲಿ ನರ ಹಾಗೇ ಇರುತ್ತದೆ. ಒಳಗೆ ಉಳಿದ ಬ್ಯಾಕ್ಟೀರಿಯಾ ತುದಿಯಿಂದ ಹೊರಗೆ ಕಿರುಕುಳ ಕೊಟ್ಟರೆ ಅಲ್ಲಿ ಊತ, ಕೀವು, ನೋವು.

ಇದು ಎಕ್ಸ್‌ರೇ. ಬೇರಿನ ತುದಿಯಲ್ಲಿ ಕಡಲೆಬೇಳೆಯಷ್ಟು ಕಪ್ಪು ನೆರಳು ಕಾಣಿಸ್ತಾ? ಅಲ್ಲಿ ಮೂಳೆ ಕರಗಿದೆ. ನೋವೇ ಇಲ್ಲದೆ ವರ್ಷಗಟ್ಟಲೆ ಹೀಗೆ ಕರಗುವುದೂ ಉಂಟಂತೆ. ಅದು ಕೇಳಿ ನನಗೆ ನಿಜವಾಗಿ ಭಯವಾಯಿತು.

ಇಂಜೆಕ್ಷನ್ ಭಾಗ ಬಿಟ್ಟುಬಿಡೋಣ. ಮುಖದ ಮೇಲೆ ಈ ನೀಲಿ ಹಾಳೆ ನೋಡಿ. ರಬ್ಬರ್ ಡ್ಯಾಮ್. ಆ ಒಂದು ಹಲ್ಲು ಮಾತ್ರ ಹೊರಗೆ, ಬಾಯಿಯ ಜೊಲ್ಲು ಆಚೆ. 1864ರಿಂದ ಇದು ಬಳಕೆಯಲ್ಲಿದೆ. ಆದರೂ ಹಿಂದಿನ ಸಲ ನನಗೆ ಹಾಕಿರಲಿಲ್ಲ, ಹತ್ತಿ ಉಂಡೆ ಇಟ್ಟು ಕೆಲಸ ಮುಗಿಸಿದ್ದರು. ಜೊಲ್ಲಿನ ತುಂಬಾ ಬ್ಯಾಕ್ಟೀರಿಯಾ, ಅದು ಒಳಗೆ ಇಳಿಯುತ್ತಿದ್ದರೆ ತೊಳೆದು ಏನು ಪ್ರಯೋಜನ? ಇದಿಲ್ಲದೆ ರೂಟ್ ಕೆನಾಲ್ ಮಾಡಲೇಬಾರದು ಅನ್ನುವುದು ನನ್ನ ಅಭಿಪ್ರಾಯ.

ಈಗ ದುಡ್ಡಿನ ವಿಷಯ. ಹೇಳಲೇಬೇಕು. ಆಗ ರೂಟ್ ಕೆನಾಲ್‌ಗೆ 3,500 ಕೊಟ್ಟಿದ್ದೆ. ಕ್ಯಾಪ್‌ಗೆ ಇನ್ನೂ 5,000 ಆಗುತ್ತೆ ಅಂದರು. ಆ ತಿಂಗಳು ಮನೆಯಲ್ಲಿ ತಮ್ಮನ ಕಾಲೇಜು ಫೀಸು ಕಟ್ಟಬೇಕಿತ್ತು. "ಬಿಡುವಾದಾಗ ಬನ್ನಿ" ಅಂದರು ಆ ಕ್ಲಿನಿಕ್‌ನವರು. ನೋವು ಹೋಗಿತ್ತು, ನಾನೂ ಸುಮ್ನಾದೆ. ಐದು ತಿಂಗಳು ಸುಮ್ನಿದ್ದೆ. ಬಾಯಲ್ಲಿದ್ದದ್ದು ತಾತ್ಕಾಲಿಕ ಫಿಲ್ಲಿಂಗ್. ಅದು ಕೆಲವು ವಾರಕ್ಕೆ ಅಂತಲೇ ಇರುವ ಸಾಮಾನು, ತಿಂಗಳುಗಟ್ಟಲೆ ತಡೆಯುವುದಿಲ್ಲ. ಗೌರಿ ಹಬ್ಬದಲ್ಲಿ ಚಕ್ಕುಲಿ ತಿನ್ನುವಾಗ ಒಂದು ಮೂಲೆ ಎದ್ದು ಬಂತು. ನಾಲಿಗೆಗೆ ಆ ಸಂದು ತಗಲುತ್ತಿತ್ತು. ಆದರೂ ಹೋಗಲಿಲ್ಲ. ಆ ಸಂದಿಯಿಂದ ಜೊಲ್ಲು ಇಳಿದಿದೆ, ಅದರ ಜೊತೆ ಬ್ಯಾಕ್ಟೀರಿಯಾನೂ ಇಳಿದಿದೆ. ಆಮೇಲೆ ಅದರ ಮೇಲೇ ಕ್ಯಾಪ್ ಕೂರಿಸಿದರು. ಇವತ್ತು ಆ ಕ್ಯಾಪ್ ಕೊರೆದು ತೆಗೆದಾಯಿತು, ಅದು ವಾಪಸ್ ಬರುವುದಿಲ್ಲ. ಈಗ ಮರುಚಿಕಿತ್ಸೆಗೆ 7,000, ಹೊಸ ಕ್ಯಾಪ್‌ಗೆ 9,000. ಹದಿನಾರು ಸಾವಿರ! ತಾತ್ಕಾಲಿಕ ಫಿಲ್ಲಿಂಗ್ ಎಷ್ಟು ದಿನ ತಡೆಯುತ್ತೆ ಅಂತ ಚೀಟಿಯಲ್ಲಿ ಒಂದು ಸಾಲು ಬರೆದುಕೊಟ್ಟಿದ್ದರೆ ಸಾಲ ಮಾಡಿಯಾದರೂ ಹಾಕಿಸುತ್ತಿದ್ದೆ.

ಅಯ್ಯೋ, ಶಾಟ್ ಮುಂದೆ ಹೋಯಿತು. ಗಾಜ್ ಬಟ್ಟೆಯ ಮೇಲೆ ನಸುಗೆಂಪು ದಾರದ ಥರ ಇದೆಯಲ್ಲ, ಅದು ಗಟ್ಟಾ ಪರ್ಚಾ. ಬೇರಿನೊಳಗೆ ತುಂಬುವ ವಸ್ತು. ಮಲಯ ಕಡೆಯ ಒಂದು ಮರದ ಹಾಲಿನಿಂದ ಬರುತ್ತದೆ. 1858ರಲ್ಲಿ ಅಟ್ಲಾಂಟಿಕ್ ಸಮುದ್ರದಡಿ ಹಾಕಿದ ಟೆಲಿಗ್ರಾಫ್ ಕೇಬಲ್‌ಗೂ ಇದೇ ಹೊದಿಕೆ, ನೀರು ಒಳಗೆ ಹೋಗದಿರಲಿ ಅಂತ. ನನ್ನ ಹಲ್ಲಿನಿಂದ ಬಂದ ತುಂಡಿನ ತುದಿ ಕಪ್ಪಾಗಿದೆ ನೋಡಿ. ಕೆಟ್ಟ ವಾಸನೆ ಮೂಗಿಗೆ ಬಂತು.

ಇದು ಮೈಕ್ರೋಸ್ಕೋಪ್ ಪರದೆ. ಮೂರು ಕಾಲುವೆಗಳ ತೂತು ಮೊದಲೇ ಗೊತ್ತಿದ್ದವು. ಈ ಮೂಲೆಯಲ್ಲಿ, ಒಂದು ತೂತಿನ ಪಕ್ಕದಲ್ಲೇ, ಸೂಜಿಮೊನೆಯಷ್ಟು ಚುಕ್ಕೆ. ನಾಲ್ಕನೆಯ ಕಾಲುವೆ! ಮೇಲಿನ ಮೊದಲ ದವಡೆ ಹಲ್ಲುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಲ್ಲಿಗೆ ಇದು ಇರುತ್ತದಂತೆ. ಹಿಂದಿನ ಸಲ ಯಾರೂ ಮುಟ್ಟಿರಲಿಲ್ಲ. ನಾಲ್ಕು ವರ್ಷ ಅದು ಹಾಗೇ ಇತ್ತು.

ಬೆಳಗ್ಗೆ ಆ ಹಳೆ ಡಾಕ್ಟರ್ ಮೇಲೆ ತುಂಬಾ ಕೋಪ ಇತ್ತು. ಈ ಚುಕ್ಕೆ ನೋಡಿದ ಮೇಲೆ ಸ್ವಲ್ಪ ಇಳಿಯಿತು. ಬರಿಗಣ್ಣಿಗೆ ಇದು ಹೇಗೆ ಸಿಗಬೇಕು? ಕಾಲುವೆ ಅಂದರೆ ನೆಟ್ಟಗಿನ ಕೊಳವೆ ಅಲ್ಲ. ಡೊಂಕು, ಕವಲು, ಎರಡು ಕಾಲುವೆ ನಡುವೆ ಕೂದಲೆಳೆಯಷ್ಟು ಸಂದು. ಒಳಗೆ ಕೆರೆಯುವ ಸೂಜಿಯಂಥ ಫೈಲ್ ಎಲ್ಲ ಕಡೆ ಹೋಗುವುದಿಲ್ಲ, ಔಷಧಿ ನೀರು ಹೋಗಿ ತೊಳೆಯಬೇಕು. ಆದರೂ ಎಂಟೆರೋಕಾಕಸ್ ಫೀಕಾಲಿಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ, ಆಹಾರ ಇಲ್ಲದಿದ್ದರೂ ತುಂಬಾ ದಿನ ಬದುಕಿರುತ್ತದೆ. ಒಳಗೆ ಇಡುವ ಸುಣ್ಣದಂಥ ಔಷಧಿಗೂ ಸುಲಭಕ್ಕೆ ಸಾಯುವುದಿಲ್ಲ. ಹಾಗಾಗಿ ಡಾಕ್ಟರ್ ಮೇಲೆ ಕೋಪ ಇಲ್ಲ. ರಬ್ಬರ್ ಡ್ಯಾಮ್ ವಿಷಯಕ್ಕೆ ಮಾತ್ರ ಇದೆ.

ಡಾಕ್ಟರಮ್ಮ ಒಂದು ಹಳೆ ಪ್ರಯೋಗ ಹೇಳಿದರು. 1965ರಲ್ಲಿ ಅಮೆರಿಕದಲ್ಲಿ ಇಲಿಗಳ ಹಲ್ಲು ಕೊರೆದು, ಒಳಗಿನ ತಿರುಳು ಬಾಯಿಗೆ ತೆರೆದಂತೆ ಬಿಟ್ಟರಂತೆ. ಮಾಮೂಲಿ ಇಲಿಗಳ ತಿರುಳು ಸತ್ತು ಕೀವಾಯಿತು. ಒಂದೂ ಸೂಕ್ಷ್ಮಜೀವಿ ಇಲ್ಲದ ಹಾಗೆ ಸಾಕಿದ ಇಲಿಗಳಲ್ಲಿ ತಿರುಳು ಬದುಕಿತು, ಗಾಯದ ಮೇಲೆ ಹಲ್ಲಿನದೇ ಗಟ್ಟಿ ಪದರ ಬೆಳೆಯಿತು. ಎಷ್ಟು ಸರಳ, ಅಲ್ವಾ? ಬ್ಯಾಕ್ಟೀರಿಯಾ ಇದ್ದರೆ ಕಾಯಿಲೆ, ಇಲ್ಲದಿದ್ದರೆ ಹಲ್ಲು ತಾನೇ ವಾಸಿ ಮಾಡಿಕೊಳ್ಳುತ್ತದೆ.

ಹಲ್ಲು ಕಿತ್ತು ಇಂಪ್ಲಾಂಟ್, ಅಂದರೆ ಮೂಳೆಗೆ ಕೂರಿಸುವ ಕೃತಕ ಹಲ್ಲು, ಹಾಕಿಸು ಅಂತ ಚಿಕ್ಕಪ್ಪ ಹೇಳುತ್ತಲೇ ಇದ್ದಾರೆ. ನೆನ್ನೆ ರಾತ್ರಿ ನೋವಿನಲ್ಲಿ ನಾನೂ ಹೂಂ ಅಂದಿದ್ದೆ. ಈಗ ಬೇಡ. ಬೇರು ಸೀಳಿದ್ದರೆ ಕೀಳಲೇಬೇಕಿತ್ತು, ನನ್ನದು ಸೀಳಿಲ್ಲ.

ಇದು ವಾಪಸ್ ಬರುವಾಗ ದೇವರಾಜ ಮಾರುಕಟ್ಟೆ. ನಂಜನಗೂಡು ರಸಬಾಳೆ ಸಿಕ್ಕಿತು! ಪನಾಮಾ ಸೊರಗು ರೋಗ ಬಂದ ಮೇಲೆ ಬೆಳೆಯುವವರೇ ಕಮ್ಮಿ. ಅಜ್ಜಿ ತಾವು ತಿನ್ನದೆ ನಮಗೆಲ್ಲ ಸುಲಿದುಕೊಡುತ್ತಿದ್ದ ಹಣ್ಣು ಇದು, ಆಗೆಲ್ಲ... ಇರಲಿ, ಶಾಟ್ ಮುಗಿಯುತ್ತಿದೆ. ಕೆನ್ನೆ ಇನ್ನೂ ಮರಗಟ್ಟಿದೆ, ಹಣ್ಣು ಸಾಯಂಕಾಲಕ್ಕೆ. ಒಳಗೆ ಔಷಧಿ ಇಟ್ಟು ತಾತ್ಕಾಲಿಕ ಫಿಲ್ಲಿಂಗ್ ಹಾಕಿದ್ದಾರೆ. ಎರಡು ವಾರಕ್ಕೆ ಕಾಲುವೆ ತುಂಬುವುದು, ಅದರ ಮುಂದಿನ ಗುರುವಾರ ಕ್ಯಾಪ್‌ಗೆ ಅಳತೆ. ಎರಡೂ ತಾರೀಕು ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಾಯಿತು. ಕ್ಯಾಪ್ ದುಡ್ಡು ಮುಂಚೆಯೇ ಕಟ್ಟಿ ಬಂದಿದ್ದೇನೆ.