ಟ್ಯಾಂಗ್ ಮೀನಿಗೆ ಯಾವ ನೋರಿ?

ಇವನು ಪೌಡರ್ ಬ್ಲೂ ಟ್ಯಾಂಗ್. ಲಕ್ಷದ್ವೀಪ, ಮಾಲ್ಡೀವ್ಸ್ ಕಡೆ ಹಗಲೆಲ್ಲ ಬಂಡೆಗೆ ಅಂಟಿದ ಪಾಚಿ ಕೆರೆದು ತಿನ್ನೋ ಜಾತಿ. ಈಗ ಶಿವಮೊಗ್ಗದಲ್ಲಿ, ನಮ್ಮನೆ ಹಾಲ್‌ನಲ್ಲಿರೋ ಉಪ್ಪುನೀರಿನ ಮೀನಿನ ತೊಟ್ಟೀಲಿ ಇದ್ದಾನೆ. ಬರೀ ಪೆಲೆಟ್ ಉದುರಿಸಿದ್ರೆ ಇವನಿಗೆ ಸಾಲಲ್ಲ, ಪಾಚಿ ಬೇಕೇ ಬೇಕು.

ತುಂಗೆ ದಡದ ಊರಲ್ಲಿ ಕಡಲ ಪಾಚಿ ಎಲ್ಲಿಂದ ತರೋದು? ಜಪಾನಿನ ಅನ್ನದ ತಿನಿಸು ಸುಶಿ ಸುತ್ತೋಕೆ ಬಳಸೋ, ಒಣಗಿಸಿದ ಕಡಲ ಪಾಚಿಯ ನೋರಿ ಹಾಳೆ ಆನ್‌ಲೈನಲ್ಲಿ ಸಿಗುತ್ತೆ, ನಾನು ಹಾಕೋದು ಅದನ್ನೇ. ಪ್ಯಾಕೆಟ್ ಮುಂದೆ ಏನೇ ಬರೆದಿರಲಿ, ತಿರುಗಿಸಿ ಹಿಂದೆ ಓದಿ. ಪದಾರ್ಥಗಳ ಪಟ್ಟೀಲಿ ಸೀವೀಡ್ (ಕಡಲ ಪಾಚಿ) ಬಿಟ್ಟು ಬೇರೇನೂ ಇರಬಾರದು. ಕುರುಕಲು ತಿಂಡಿ ಅಂತ ಮಾರೋ ಸಣ್ಣ ಪ್ಯಾಕೆಟ್‌ಗಳಲ್ಲಿ ಎಣ್ಣೆ, ಉಪ್ಪು, ಕೆಲವದ್ರಲ್ಲಿ ಸಕ್ಕರೆನೂ ಇರುತ್ತೆ. ಉಪ್ಪುನೀರಿನ ಮೀನಿಗೆ ಉಪ್ಪು ಬಿದ್ರೇನು ಅಂತೀರಾ? ನನ್ನ ತಕರಾರು ಎಣ್ಣೆ ಮೇಲೆ. ನೀರಿನ ಮೇಲೆ ಜಿಡ್ಡು ಹರಡಿದ್ರೆ ನೊರೆ ಎಬ್ಬಿಸಿ ಕೊಳೆ ತೆಗೆಯೋ ಸ್ಕಿಮ್ಮರ್‌ನಲ್ಲಿ ನೊರೆನೇ ಏಳಲ್ಲ.

ಹುರಿಯದ ನೋರಿ ನೇರಳೆಗಪ್ಪು, ಹುರಿದದ್ದು ಹಸಿರು. ಅಸಲಿಗೆ ಅದು ಕೆಂಪು ಪಾಚಿ. ಶಾಖಕ್ಕೆ ಕೆಂಪು ಬಣ್ಣ ಹೋಗಿ ಹಸಿರು ಕಾಣುತ್ತೆ ಅಷ್ಟೇ. ಎರಡೂ ಆಗುತ್ತೆ. ಕೊಂಬು ಅನ್ನೋ ಇನ್ನೊಂದು ಕಡಲ ಪಾಚಿ ಮಾತ್ರ ದಪ್ಪ, ನಮ್ಮವನು ಕಚ್ಚಿ ಉಗುಳಿಬಿಡ್ತಾನೆ.

ಆಗುಂಬೆ ಘಾಟಿ ಇಳಿದ್ರೆ ಮಲ್ಪೆ, ಬಂಡೆ ಮೇಲೆ ಹಸಿರು ಪಾಚಿ ಪುಕ್ಕಟೆ ಇದೆಯಲ್ಲ ಅಂತ ಕೇಳ್ತೀರಿ. ಅದೂ ಒಳ್ಳೇ ಮೇವೇ. ಆದ್ರೆ ಬಂದರಿನ ಡೀಸೆಲ್ಲು, ಊರಿನ ಚರಂಡಿ ನೀರು, ಪಾಚಿ ಜೊತೆ ಬರೋ ಹುಳಹುಪ್ಪಟೆ ನಂಗೆ ಬೇಡ.

ನಮ್ಮ ಕಡೆ ನಿಜವಾದ ತಲೆನೋವು ಮಳೆಗಾಲ. ಪ್ಯಾಕೆಟ್ ಒಡೆದಿಟ್ರೆ ನೋರಿ ಹಪ್ಪಳದ ಥರ ಮೆತ್ತಗಾಗುತ್ತೆ. ಅದಕ್ಕೇ ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ತೆಗೆದು ಮುರಿದ್ರೆ ಟಕ್ ಅನ್ನಬೇಕು. ಬರೀ ಮೆತ್ತಗಾಗಿದ್ರೆ ಒಣ ಕಾವಲಿ ಮೇಲೆ ಸ್ವಲ್ಪ ಬಿಸಿ ಮಾಡ್ತೀನಿ. ಬೂಸ್ಟು ವಾಸನೆ ಬಂದ್ರೆ ಸೀದಾ ಗೊಬ್ಬರದ ಗುಂಡಿಗೆ.

ಈಗ ನೋಡಿ, ಅಂಗೈ ಅಗಲದ ತುಂಡನ್ನ ಮ್ಯಾಗ್ನೆಟ್ ಕ್ಲಿಪ್‌ಗೆ ಸಿಕ್ಕಿಸಿ ಗಾಜಿಗೆ ಅಂಟಿಸಿದೆ. ಮೊದಲು ಅಂಚು ಚಿವುಟ್ತಾನೆ, ಆಮೇಲೆ ತಲೆ ಒದರಿ ಒಂದು ಚೂರು ಕಿತ್ಕೋತಾನೆ. ಅದೇ ತೊಟ್ಟಿಯ ಇನ್ನೊಂದು ಮೀನು ರ‍್ಯಾಬಿಟ್‌ಫಿಶ್ ಹತ್ರ ಬಂತಾ, ಪಕ್ಕಕ್ಕೆ ವಾಲಿ ಬಾಲದ ಬುಡದ ಚೂರಿ ತೋರಿಸ್ತಾನೆ. ಚೂರಿ ಅಂದ್ರೆ ಸುಮ್ನೆ ಅಲ್ಲ, ಅಲ್ಲಿ ನಿಜವಾಗ್ಲೂ ಚೂಪಾದ ಮುಳ್ಳಿದೆ. ಹಾಗಾಗಿ ಇನ್ನೊಂದು ಕ್ಲಿಪ್ಪು ಆ ತುದಿಗೆ.

ಸಂಜೆ ಉಳಿದಿದ್ದನ್ನ ತೆಗೆದುಬಿಡ್ತೀನಿ. ಕೊಳೆತರೆ ನೈಟ್ರೇಟು, ಫಾಸ್ಫೇಟು ಏರಿ ಕಲ್ಲಿನ ಮೇಲೆಲ್ಲ ಕೂದಲಿನಂಥ ಪಾಚಿ ಹಬ್ಬುತ್ತೆ. ಅದನ್ನ ಈ ಮಹಾರಾಯ ಮೂಸಿನೂ ನೋಡಲ್ಲ, ಉಜ್ಜೋ ಕೆಲಸ ನಂದೇ.