ನಾಲ್ಕು ತಂತಿ: ಪ, ಸ, ಮ, ನಿ

ವಿಡಿಯೋ ಶುರು ಆಗುವ ಮೊದಲು ಒಂದು ಕೆಲಸ ಮಾಡಿ. ಹೆಡ್‌ಫೋನ್ ಹಾಕಿಕೊಳ್ಳಿ. ಈಗ ನಾನು ಮೀಟುವ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಮೊಬೈಲಿನ ಪುಟ್ಟ ಸ್ಪೀಕರ್‌ನಿಂದ ಅಷ್ಟು ಕೆಳಗಿನ ದನಿ ಸರಿಯಾಗಿ ಹೊರಗೆ ಬರುವುದೇ ಇಲ್ಲ. ಅದರ ಮೇಲೆ ಹುಟ್ಟುವ ಸಣ್ಣ ದನಿಗಳಷ್ಟೇ ಬರುತ್ತವೆ, ತಳದ ದನಿಯನ್ನು ನಮ್ಮ ತಲೆಯೇ ತುಂಬಿಕೊಳ್ಳುತ್ತದೆ.

ಹಾಕಿಕೊಂಡಿರಾ? ಕೇಳಿ.

ಇದು ಬೇಸ್ ಗಿಟಾರಿನ ಇ ತಂತಿ. ನಾಲ್ಕರಲ್ಲಿ ಎಲ್ಲಕ್ಕಿಂತ ದಪ್ಪ. ಆಮೇಲೆ ಎ, ಡಿ, ಜಿ. ನಾನು ಈ ವಾದ್ಯ ಹಿಡಿದು ಮೂರು ತಿಂಗಳಾಯಿತು. ಮೊದಲ ತಿಂಗಳು ಹಾಡು ನುಡಿಸಿದ್ದಕ್ಕಿಂತ ಶ್ರುತಿ ಮಾಡಿದ್ದೇ ಜಾಸ್ತಿ. ಆಗ ಬೇಜಾರಾಗುತ್ತಿತ್ತು. ಈಗ ಆ ಹತ್ತು ನಿಮಿಷವೇ ನನಗೆ ಇಷ್ಟ. ಅದಕ್ಕೇ ಈ ವಿಡಿಯೋ.

ಮೊದಲ ದಿನ ಆದದ್ದನ್ನು ಹೇಳುತ್ತೇನೆ. ಫೋನಿನಲ್ಲಿ ಟ್ಯೂನರ್ ಆ್ಯಪ್ ತೆರೆದಿಟ್ಟಿದ್ದೆ. ಡಿ ತಂತಿ ಮೀಟಿದೆ. ಮುಳ್ಳು ಎಡಕ್ಕಿತ್ತು, ಅಂದರೆ ಶ್ರುತಿ ಕೆಳಗಿದೆ. ತಂತಿ ಬಿಗಿ ಮಾಡುವ ಬಿರಡೆ ತಿರುಗಿಸಿದೆ. ಮುಳ್ಳು ಕದಲಲಿಲ್ಲ. ಇನ್ನೊಂದು ಸುತ್ತು. ಕದಲಲಿಲ್ಲ. ಇನ್ನೂ ಒಂದು ಸುತ್ತು ತಿರುಗಿಸಿದಾಗ ಪಟ್ ಅಂತ ಸದ್ದಾಯಿತು. ನಾನು ಮೀಟುತ್ತಿದ್ದದ್ದು ಡಿ, ಬಿಗಿ ಮಾಡುತ್ತಿದ್ದದ್ದು ಜಿ ತಂತಿಯ ಬಿರಡೆ. ಬಿಡಿ ತಂತಿ ನಮ್ಮೂರಲ್ಲಿ ಸಿಗಲಿಲ್ಲ. ಪೂರ್ತಿ ಸೆಟ್ ತರಿಸಿಕೊಂಡು, ಒಂದು ವಾರ ಕಾದೆ. ಆ ವಾರ ನಿಜಕ್ಕೂ ತುಂಬಾ ಸಂಕಟವಾಗಿತ್ತು.

ಆದ್ದರಿಂದ ಹೊಸಬರಿಗೆ ನಾನು ಮೊದಲು ಹೇಳುವ ಮಾತು ಇದು. ಬಿರಡೆಗೆ ಕೈ ಹಾಕುವ ಮುಂಚೆ, ತಂತಿಯ ಮೇಲೆ ಬೆರಳಿಟ್ಟು ಕುದುರೆಯಿಂದ, ಅಂದರೆ ಕೆಳತುದಿಯಲ್ಲಿ ತಂತಿ ಕೂರುವ ಆಸರೆಯಿಂದ, ಬಿರಡೆಯವರೆಗೆ ಹೋಗಿ. ಇದೇ ತಂತಿ, ಇದೇ ಬಿರಡೆ ಅಂತ ಖಾತ್ರಿ ಮಾಡಿಕೊಳ್ಳಿ. ಅರ್ಧ ಸುತ್ತು ತಿರುಗಿಸಿದರೂ ದನಿ ಬದಲಾಗದಿದ್ದರೆ ಕೈ ತೆಗೆಯಿರಿ. ಈ ನಾಲ್ಕು ತಂತಿ ಸೇರಿ ಕತ್ತಿನ ಮೇಲೆ 70 ಕಿಲೋ ಆಸುಪಾಸಿನ ಎಳೆತ ಇಟ್ಟಿರುತ್ತವೆ. ಒಬ್ಬ ಮನುಷ್ಯ ಜೋತುಬಿದ್ದಷ್ಟು. ಅವಸರ ಮಾಡುವ ಜಾಗ ಅಲ್ಲ ಇದು.

ಬಿರಡೆ, ಕುದುರೆ ಅಂತ ಹೇಳುತ್ತಿದ್ದೇನೆ, ಗಮನಿಸಿದಿರಾ? ಇವು ವೀಣೆ, ತಂಬೂರಿಯ ಮಾತು. ನಮ್ಮ ಚಿಕ್ಕಮ್ಮ ಮನೆಯಲ್ಲೇ ಸಂಗೀತ ಪಾಠ ಹೇಳುತ್ತಾರೆ. ನಾನು ಅವರ ಮನೆಯ ಮಹಡಿ ಮೇಲೆ ಇರುವುದು. ಬೆಳಿಗ್ಗೆ ಅವರು ತಂಬೂರಿ ಶ್ರುತಿ ಮಾಡುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಆದರೆ ನನ್ನ ಕೈಯಲ್ಲಿ ತಂತಿ ಬರುವವರೆಗೆ ಅವರು ಏನು ಕೇಳಿಸಿಕೊಳ್ಳುತ್ತಾರೆ ಅಂತ ಯೋಚನೆ ಮಾಡಿರಲಿಲ್ಲ.

ಹೊಸ ತಂತಿ ಹಾಕಿದ ದಿನ ಚಿಕ್ಕಮ್ಮ ಮೇಲೆ ಬಂದರು. ನಾನು ಎ ತಂತಿ ಮೀಟಿದೆ. "ಇದು ನನ್ನ ಸಾ" ಅಂದರು. ಅವರ ಶ್ರುತಿ ಆರು ಮನೆ, ಅಂದರೆ ಎ. ನನ್ನ ಎ ತಂತಿ 55 ಹರ್ಟ್ಸ್, ಅಂದರೆ ಸೆಕೆಂಡಿಗೆ 55 ಸಲ ಅದುರುತ್ತದೆ. ಅದರ ಎರಡರಷ್ಟು 110, ಮತ್ತೆ ಎರಡರಷ್ಟು 220. ಅಲ್ಲಿದೆ ಚಿಕ್ಕಮ್ಮನ ಷಡ್ಜ. ಇನ್ನೊಂದು ಸಲ ಎರಡರಷ್ಟು ಮಾಡಿದರೆ 440. ಲೋಕದ ತುಂಬಾ ವಾದ್ಯಗಳು ಶ್ರುತಿ ಸೇರಿಸಿಕೊಳ್ಳುವುದು ಆ ದನಿಗೆ. ಆಮೇಲೆ ಇ ತಂತಿ ಮೀಟಿದೆ. "ಇದು ಕೆಳಗಿನ ಪಾ." ಡಿ ಮೀಟಿದೆ. "ಮಾ." ಜಿ ಮೀಟಿದಾಗ ಸ್ವಲ್ಪ ಗುನುಗಿ ನೋಡಿ "ನಿ" ಅಂದರು. ನಿ ಸ್ವರದ ಬಗೆಗಳಲ್ಲಿ ಒಂದಾದ ಕೈಶಿಕಿ ನಿಷಾದ.

ಪ, ಸ, ಮ, ನಿ. ಅಷ್ಟೇ. ಆ ದಿನದಿಂದ ನನಗೆ ಇ, ಎ, ಡಿ, ಜಿ ಅನ್ನುವ ಅಕ್ಷರಗಳು ದನಿಗಳಾದವು. ಒಂದು ತಂತಿಯನ್ನು ಸಾ ಅಂದುಕೊಂಡರೆ ಪಕ್ಕದ ತಂತಿ ಅದರ ಮಾ. ಮತ್ತೆ ಅದನ್ನು ಸಾ ಅಂದುಕೊಳ್ಳಿ, ಅದರ ಪಕ್ಕದ್ದು ಮಾ. ನಾಲ್ಕೂ ತಂತಿಗೆ ಇದೇ ಅಂತರ. ಹಾಡು ಕಲಿತವರು ನಿಮ್ಮಲ್ಲಿ ಎಷ್ಟೋ ಜನ ಇರುತ್ತೀರಿ. ಸಾ, ಮಾ ಹಾಡಬಲ್ಲಿರಿ ಅಲ್ವಾ? ಹಾಗಿದ್ದರೆ ಬೇಸ್ ಶ್ರುತಿ ಮಾಡುವ ಅರ್ಧ ಕೆಲಸ ನಿಮಗೆ ಆಗಲೇ ಬರುತ್ತದೆ.

ಈಗ ಆ್ಯಪ್ ವಿಷಯ. ಫೋನಿನ ಮೈಕ್‌ಗೆ ಇ ತಂತಿ ಕಷ್ಟ. ದನಿ ತುಂಬಾ ಕೆಳಗಿರುವುದರಿಂದ ಮುಳ್ಳು ಅತ್ತ ಇತ್ತ ಕುಣಿಯುತ್ತದೆ. ನಾನು ಮಾಡುವುದು ಹೀಗೆ. ಬೇರೆ ಮೂರು ತಂತಿಗಳನ್ನು ಎಡಗೈಯಿಂದ ಸುಮ್ಮನಾಗಿಸುತ್ತೇನೆ. ಕತ್ತಿನ ಹತ್ತಿರ, ಹೆಬ್ಬೆರಳಿನಿಂದ ಮೆತ್ತಗೆ ಮೀಟುತ್ತೇನೆ. ಜೋರಾಗಿ ಮೀಟಿದರೆ ತಂತಿ ಮೊದಲು ಸ್ವಲ್ಪ ಮೇಲಿನ ದನಿ ಕೊಟ್ಟು ಆಮೇಲೆ ಇಳಿಯುತ್ತದೆ. ಅದು ಕೂತುಕೊಳ್ಳುವವರೆಗೆ ಒಂದು ಸೆಕೆಂಡ್ ಕಾಯಬೇಕು. ಮುಳ್ಳನ್ನು ನೋಡುವುದು ಆಮೇಲೆ.

ಆಗಲೂ ಆಗದಿದ್ದರೆ ಹನ್ನೆರಡನೇ ಮೆಟ್ಟಿಲಿನ (ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ, ಫ್ರೆಟ್) ನೇರಕ್ಕೆ, ಒತ್ತದೆ, ತಂತಿಯನ್ನು ಬೆರಳಿನಿಂದ ಮುಟ್ಟಿ ಮೀಟಿ. ಗಂಟೆಯ ಹಾಗೆ ತಿಳಿಯಾದ ದನಿ ಬರುತ್ತದೆ. ಕೇಳಿ. ಅದು 82 ಹರ್ಟ್ಸ್ ಚಿಲ್ಲರೆ, ಇ ತಂತಿಯ ಎರಡರಷ್ಟು. ಫೋನು ಇದನ್ನು ಚೆನ್ನಾಗಿ ಹಿಡಿಯುತ್ತದೆ.

ಇನ್ನೊಂದು ವಿಷಯ ನನ್ನನ್ನು ತುಂಬಾ ದಿನ ಕಾಡಿತು. ಬೇಸಿನ ದನಿ ಜೋರು ಮಾಡುವ ಆಂಪ್ ಹಾಕಿರುವಾಗ, ತಂತಿ ಮುಟ್ಟದೇ ಇದ್ದರೂ ಟ್ಯೂನರ್ ಜಿ ಅಂತ ತೋರಿಸುತ್ತಿತ್ತು. ಕಾರಣ ಗೋಡೆಯ ಪ್ಲಗ್. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಅದರ ಗುಂಯ್ ಸದ್ದು ಆಂಪಿನೊಳಗೆ ಸೇರುತ್ತದೆ. ಇ ತಂತಿಯ ಮೇಲೆ ಮೂರನೇ ಮೆಟ್ಟಿಲು ಒತ್ತಿದರೆ ಬರುವ ಜಿ 49 ಹರ್ಟ್ಸ್. ಎರಡೂ ಅಷ್ಟು ಹತ್ತಿರ. ಗೊತ್ತಾದ ದಿನ ಎಷ್ಟು ಖುಷಿಯಾಯಿತು ಅಂದರೆ, ಮನೆಯ ಗೋಡೆಗಳಲ್ಲೂ ಒಂದು ಸ್ವರ ಹರಿಯುತ್ತಿದೆ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಶ್ರುತಿ ಮಾಡುವಾಗ ಮಾತ್ರ ಆಂಪ್ ಆರಿಸಿ, ಅಥವಾ ಬೇಸಿನ ಕೇಬಲ್ಲನ್ನು ನೇರ ಟ್ಯೂನರ್‌ಗೆ ಹಾಕಿ.

ತಿರುಗಿಸುವುದರಲ್ಲೂ ಒಂದು ರೂಢಿ ಇದೆ. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬನ್ನಿ. ದನಿ ಹೆಚ್ಚಾಯಿತೇ? ಬೇಕಾದ್ದಕ್ಕಿಂತ ಸ್ವಲ್ಪ ಕೆಳಗೇ ಇಳಿಸಿ, ಮತ್ತೆ ಹತ್ತಿಸಿ. ಮೇಲಿನಿಂದ ಇಳಿಸಿ ನಿಲ್ಲಿಸಿದರೆ ಬಿರಡೆಯ ಹಲ್ಲುಗಳಲ್ಲಿ ಸಡಿಲ ಉಳಿಯುತ್ತದೆ. ಎರಡು ನಿಮಿಷ ನುಡಿಸುವಷ್ಟರಲ್ಲಿ ಶ್ರುತಿ ಜಾರುತ್ತದೆ. ಹೊಸ ತಂತಿಯಾದರೆ ಮೆತ್ತಗೆ ಎಳೆದು ಎಳೆದು ಬಿಡಿ, ಮತ್ತೆ ಶ್ರುತಿ ಮಾಡಿ. ನಾಲ್ಕೂ ಮುಗಿದ ಮೇಲೆ ಮೊದಲನೆಯದಕ್ಕೆ ವಾಪಸ್ ಬನ್ನಿ. ಒಂದರ ಬಿಗಿ ಬದಲಾದರೆ ಉಳಿದವೂ ಕೊಂಚ ಕದಲುತ್ತವೆ.

1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ತನ್ನ ಎಲೆಕ್ಟ್ರಿಕ್ ಬೇಸನ್ನು ಮಾರುಕಟ್ಟೆಗೆ ತಂದಾಗ ಅದಕ್ಕೆ ಪ್ರಿಸಿಷನ್ ಬೇಸ್ ಅಂತ ಹೆಸರಿಟ್ಟ. ಹಳೆಯ, ನಿಂತು ನುಡಿಸುವ ದೊಡ್ಡ ಬೇಸಿಗೆ ಮೆಟ್ಟಿಲು ಇರಲಿಲ್ಲ. ಬೆರಳು ಕೂದಲೆಳೆಯಷ್ಟು ಸರಿದರೂ ಸ್ವರ ತಪ್ಪುತ್ತಿತ್ತು. ಫೆಂಡರ್ ಮೆಟ್ಟಿಲು ಹಾಕಿದ, ಸ್ವರ ಕರಾರುವಾಕ್ಕಾಯಿತು. ಆದರೆ ಖಾಲಿ ತಂತಿ ಶ್ರುತಿಯಲ್ಲಿ ಇದ್ದರೆ ಮಾತ್ರ. ತಂತಿ ತಪ್ಪಿದ್ದರೆ ಅದರ ಅಷ್ಟೂ ಮೆಟ್ಟಿಲು ತಪ್ಪೇ.

ಈಗ ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. ಆ್ಯಪ್ ಪಕ್ಕಕ್ಕಿಡಿ. ಎ ತಂತಿ ಮಾತ್ರ ಸರಿ ಇದೆ ಅಂದುಕೊಳ್ಳಿ. ಇ ತಂತಿಯನ್ನು ಐದನೇ ಮೆಟ್ಟಿಲಿನ ನೇರಕ್ಕೆ ಮುಟ್ಟಿ ಮೀಟಿ. ಅದು ಮೊಳಗುತ್ತಿರುವಾಗಲೇ ಎ ತಂತಿಯನ್ನು ಏಳನೇ ಮೆಟ್ಟಿಲಿನ ನೇರಕ್ಕೆ ಮುಟ್ಟಿ ಮೀಟಿ. ಎರಡೂ ಹೆಚ್ಚುಕಡಿಮೆ 165 ಹರ್ಟ್ಸ್ ದನಿಗಳು. ಇಲ್ಲಿ ನಾನು ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಕೇಳಿಸಿಕೊಳ್ಳಿ.

ವೋಂ, ವೋಂ, ವೋಂ ಅಂತ ಅಲೆ ಬರುತ್ತಿದೆಯಲ್ಲ? ಸೆಕೆಂಡಿಗೆ ಮೂರು ಅಲೆ ಬಂದರೆ ಎರಡು ದನಿಗಳ ನಡುವೆ 3 ಹರ್ಟ್ಸ್ ಅಂತರ. ಈಗ ಇ ತಂತಿಯ ಬಿರಡೆಯನ್ನು ನಿಧಾನವಾಗಿ ತಿರುಗಿಸುತ್ತೇನೆ. ಅಲೆ ಉದ್ದವಾಗುತ್ತಿದೆ. ಇನ್ನೂ ಉದ್ದ. ಈಗ ನಿಂತಿತು. ಎರಡು ದನಿ ಒಂದಾಯಿತು.

ಚಿಕ್ಕಮ್ಮ ತಂಬೂರಿಯಲ್ಲಿ ಹುಡುಕುವುದು ಇದನ್ನೇ. ಕಣ್ಣು ಮುಚ್ಚಿ, ಶ್ರುತಿ ತಿದ್ದಲು ತಂತಿಗೆ ಪೋಣಿಸಿದ ಮಣಿಯನ್ನು ಸ್ವಲ್ಪವೇ ಸರಿಸಿ, ಅಲೆ ಅಡಗುವವರೆಗೆ ಕಾಯುತ್ತಾರೆ. ಒಂದು ವ್ಯತ್ಯಾಸ ಇದೆ. ಟ್ಯೂನರ್ ಒಪ್ಪುವ ಶ್ರುತಿಯಲ್ಲಿ ಈ ಅಲೆ ಪೂರ್ತಿ ನಿಲ್ಲುವುದಿಲ್ಲ, ಸುಮಾರು ಐದು ಸೆಕೆಂಡಿಗೆ ಒಂದು ಬರುತ್ತದೆ. ಕೀಬೋರ್ಡು, ಮೆಟ್ಟಿಲು ಎರಡೂ ಆ ಲೆಕ್ಕದಲ್ಲೇ ಇರುವುದು. ಬೇರೆಯವರ ಜೊತೆ ನುಡಿಸುವ ದಿನ ನಾನು ಟ್ಯೂನರ್ ಮಾತು ಕೇಳುತ್ತೇನೆ. ಒಬ್ಬನೇ ಕೂತಾಗ ಅಲೆ ನಿಲ್ಲಿಸಿಯೇ ನುಡಿಸುತ್ತೇನೆ.

ಇವತ್ತು ಬೆಳಿಗ್ಗೆಯಿಂದ ಮಳೆ. ಮರ ತೇವ ಕುಡಿದಿದೆ, ರಾತ್ರಿ ಬಿಟ್ಟಲ್ಲಿ ಶ್ರುತಿ ಇಲ್ಲ. ಕೆಳಗಿನ ಮನೆಯಲ್ಲಿ ಚಿಕ್ಕಮ್ಮನ ತಂಬೂರಿ ಆಗಲೇ ಶುರುವಾಗಿದೆ. ಇವತ್ತು ಆ್ಯಪ್ ತೆಗೆಯುವುದಿಲ್ಲ. ಅವರ ಸಾ ಕೇಳಿಕೊಂಡು ಮೊದಲು ಎ ತಂತಿ ಸೇರಿಸುತ್ತೇನೆ, ಆಮೇಲೆ ಇ. ಹೆಡ್‌ಫೋನ್ ಇನ್ನೂ ತೆಗೆದಿಲ್ಲ ತಾನೆ?