ದುಡಿದ ಕುದುರೆಯ ನಾಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಟಾಂಗಾ ಓಡಿಸುವವರು, ಲಾಯದಲ್ಲಿ ದುಡಿಯುವವರು, ಸವಾರಿ ಕಲಿಯುತ್ತಿರುವ ಮಕ್ಕಳು ನನ್ನ ಮಾತು ಕೇಳುತ್ತಿದ್ದೀರಿ ಎಂದುಕೊಂಡಿದ್ದೇನೆ. ನಾನು ಹೇಳುವುದು ಒಂದೇ: ಓಡಿ ಬಂದ ಕುದುರೆಯ ನಾಡಿ ಎಷ್ಟು ಏರಿದೆ ಎಂದು ಗಾಬರಿಯಾಗಬೇಡಿ, ಎಷ್ಟು ಬೇಗ ಇಳಿಯಿತು ಎಂದು ನೋಡಿ.

ಸುಮ್ಮನೆ ನಿಂತ ಕುದುರೆಯ ಹೃದಯ ನಿಮಿಷಕ್ಕೆ 28ರಿಂದ 40 ಸಲ ಬಡಿಯುತ್ತದೆ. ನಾಗಾಲೋಟದಲ್ಲಿ 200 ದಾಟುತ್ತದೆ. ಹೊಟ್ಟೆಯೊಳಗೆ ರಕ್ತ ಕೂಡಿಟ್ಟುಕೊಳ್ಳುವ ಅಂಗವಾದ ಗುಲ್ಮ (ಸ್ಪ್ಲೀನ್) ಕುಗ್ಗಿ, ಕೂಡಿಟ್ಟಿದ್ದ ಕೆಂಪು ರಕ್ತಕಣಗಳನ್ನು ರಕ್ತಕ್ಕೆ ಸುರಿಯುತ್ತದೆ. 38 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದ ಮೈ 40ಕ್ಕೆ ಏರುತ್ತದೆ. ಉಷ್ಣತೆ ತೋರಿಸುವ ಕ್ಯಾಮೆರಾ ಹಿಡಿದರೆ ಕಣ್ಣಿನ ಒಳಮೂಲೆಯೂ ಬಿಸಿಯೇರಿರುವುದು ಕಾಣುತ್ತದೆ. ಇದು ರೋಗವಲ್ಲ, ದುಡಿಮೆ.

ಮೈಸೂರಿನಲ್ಲಿ ಒಂದು ಬೇಸಿಗೆಯ ಮಧ್ಯಾಹ್ನ ಟಾಂಗಾದವರೊಬ್ಬರು ಕುದುರೆಯನ್ನು ಓಡಿಸಿಕೊಂಡೇ ನನ್ನ ಬಳಿ ಬಂದರು. “ಡಾಕ್ಟರೇ, ಮೈ ಸುಡುತ್ತಿದೆ, ಜ್ವರಕ್ಕೆ ಇಂಜೆಕ್ಷನ್ ಕೊಡಿ” ಎಂದರು. ಮೂಗಿನ ಹೊಳ್ಳೆ ಅರಳಿತ್ತು, ಎದೆಪಟ್ಟಿಯ ಅಡಿಯಲ್ಲಿ ಬೆವರು ನೊರೆಗಟ್ಟಿತ್ತು, ಕತ್ತಿನ ನರಗಳು ಉಬ್ಬಿದ್ದವು. ಥರ್ಮಾಮೀಟರ್ 40 ತೋರಿಸಿತು. ನಾನು ಇಂಜೆಕ್ಷನ್ ಮುಟ್ಟಲಿಲ್ಲ. ಗಾಡಿ ಬಿಚ್ಚಿಸಿ, ಬೇವಿನ ನೆರಳಿಗೆ ತಂದು, ಮೈಮೇಲೆ ಬಕೆಟ್ ಬಕೆಟ್ ತಣ್ಣೀರು ಸುರಿಸಿದೆ. ಆಮೇಲೆ ಅವರ ಬೆರಳನ್ನು ಕೆಳದವಡೆಯ ಅಂಚಿನ ಒಳಬದಿಗೆ, ನಾಡಿ ಹಗ್ಗದಂತೆ ಜಾರುವ ಜಾಗಕ್ಕೆ, ಒತ್ತಿಸಿದೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ ಎಂದೆ. ಮೊದಲು 96. ನಿಧಾನವಾಗಿ ನಡೆಸಿ ಮತ್ತೆ ಎಣಿಸಿದಾಗ 72. ಆಮೇಲೆ 48. ತಂದೆಯ ಕಾಲದಿಂದ ಕುದುರೆ ಸಾಕಿದ ಆ ಹಿರಿಯರು ನಾಡಿ ಹಿಡಿದದ್ದು ಅದೇ ಮೊದಲು. ಮೂರನೆಯ ಸಲ ನಾನು ಕೇಳುವ ಮೊದಲೇ ಅಂಕಿ ಹೇಳಿದರು! ಮೈಯೂ ತಣಿದಿತ್ತು.

ದೂರದ ಸವಾರಿ ಸ್ಪರ್ಧೆಗಳಲ್ಲಿ, ಗೊತ್ತುಪಡಿಸಿದ ಹೊತ್ತಿನೊಳಗೆ ನಾಡಿ 64ಕ್ಕೆ ಇಳಿಯದ ಕುದುರೆಯನ್ನು ಮುಂದಕ್ಕೆ ಬಿಡುವುದಿಲ್ಲ. ನೀವೂ ಬಿಡಬೇಡಿ. ಅರ್ಧ ಗಂಟೆಯಾದರೂ ಇಳಿಯದಿದ್ದರೆ ಪಶುವೈದ್ಯರನ್ನು ಕರೆಯಿರಿ. ತಣ್ಣೀರು ಸುರಿದರೆ ಕುದುರೆಯ ಕಾಲು ಹಿಡಿದುಕೊಳ್ಳುತ್ತದೆ ಎಂಬ ಮಾತನ್ನು ದಯವಿಟ್ಟು ಇನ್ನಾದರೂ ಬಿಡಿ.

  

ನಾಡಿ ಇಳಿದದ್ದು ಗೊತ್ತಾಗಬೇಕಾದರೆ ಮೊದಲು ಎಷ್ಟಿತ್ತೆಂದು ತಿಳಿದಿರಬೇಕಲ್ಲವೇ? ನಾಳೆ ಬೆಳಿಗ್ಗೆ ಮೇವು ಹಾಕುವ ಮುಂಚೆ ನಾಡಿ ಎಣಿಸಿ, ಲಾಯದ ಗೋಡೆಯ ಮೇಲೆ ಬರೆದಿಡಿ. ನಮಸ್ಕಾರ.